ಕೋಳೀಕೆ ರಂಗ ಲಂಡನ್ನಿನಲ್ಲಿ ಹುಟ್ಟಿದವನಲ್ಲ

ಈ ಅಂಕಣ ಓದುವವರಲ್ಲಿ ನಂಜನಗೂಡು, ಟಿ. ನರಸೀಪುರ ಕಡೆಯವರು ಹೆಚ್ಚು. ಎದುರಿಗೆ ಸಿಕ್ಕಾಗ, ಫೋನು ಮಾಡಿದಾಗ ಅವರು ಕೇಳುವುದು ಸಾಮಾನ್ಯವಾಗಿ ನಾಲೆಯ ನೀರು, ರಸಬಾಳೆ, ಜಾತ್ರೆಯ ಹಳೆಯ ಕಥೆ ಇಂಥವನ್ನು. ಇವುಗಳ ನಡುವೆ ಬಿಡದೆ ಬರುವ ಇನ್ನೊಂದು ಪ್ರಶ್ನೆ ನಾಟಕಕಾರ ಟಿ.ಪಿ. ಕೈಲಾಸಂ ಅವರ, ಹಳ್ಳಿಗನೊಬ್ಬ ತನ್ನ ಹೆಸರನ್ನು ಅಕ್ಷರ ಒಡೆದು ಹಾಡುವ 'ಕೋಳೀಕೆ ರಂಗ' ಹಾಡಿನದು. ಒಬ್ಬರು ಕೇಳುತ್ತಾರೆ, 'ಲಂಡನ್ನಿನಲ್ಲಿ ಯಾವನೋ ದೊರೆ ಸವಾಲು ಹಾಕಿದನಂತೆ, ಕೈಲಾಸಂ ಅಲ್ಲೇ ನಿಂತ ನಿಲುವಿನಲ್ಲಿ ಕಟ್ಟಿ ಹಾಡಿದರಂತೆ, ನಿಜವೇ?' ಇನ್ನೊಬ್ಬರು, 'ಅದು ಇಂಗ್ಲಿಷ್ ಹಾಡಿನ ಕಾಪಿಯಂತಲ್ಲ' ಎಂದು ಬೇಸರದಿಂದಲೇ ಮಾತು ಶುರು ಮಾಡುತ್ತಾರೆ. ಕಾಲೇಜು ಹುಡುಗರು ಫೋನಿನಲ್ಲಿ ಇಸ್ತಾಂಬುಲ್ ಎಂಬ ಹಾಡೊಂದನ್ನು ಹಾಕಿ ತೋರಿಸಿ, ರಂಗನ ಮೂಲ ಇದೇ ತಾನೇ ಎನ್ನುತ್ತಾರೆ. ಮೂರೂ ಪ್ರಶ್ನೆ ಒಂದೇ ಹಗ್ಗದ ಎಳೆಗಳು. ಈ ವಾರ ಅದನ್ನು ಬಿಡಿಸೋಣ.

ಹುಡುಗರ ಪ್ರಶ್ನೆಯಿಂದಲೇ ಹೊರಡುತ್ತೇನೆ, ಯಾಕೆಂದರೆ ಅದಕ್ಕೆ ಉತ್ತರ ಸಲೀಸು. ಅವರು ಕೇಳಿಸುವ ಇಸ್ತಾಂಬುಲ್ ಹಾಡು 1953ರದು. ಜಿಮ್ಮಿ ಕೆನೆಡಿ ಸಾಹಿತ್ಯ, ನ್ಯಾಟ್ ಸೈಮನ್ ಸಂಗೀತ. 'ದಿ ಫೋರ್ ಲ್ಯಾಡ್ಸ್' ಎಂಬ ಕೆನಡಾದ ನಾಲ್ವರು ಗಾಯಕರ ತಂಡ ಕೊಲಂಬಿಯಾ ಕಂಪನಿಗೆ ಹಾಡಿದ ಪ್ಲೇಟು ಆ ವರ್ಷ ಅಮೆರಿಕದ ಮೊದಲ ಹತ್ತು ಹಾಡುಗಳ ಪಟ್ಟಿಗೆ ಏರಿತು. ಕಾನ್‌ಸ್ಟಾಂಟಿನೋಪಲ್ ಪಟ್ಟಣ 1453ರಲ್ಲಿ ತುರ್ಕರ ಕೈಸೇರಿ ಆಗ ಸರಿಯಾಗಿ ಐನೂರು ವರ್ಷ ತುಂಬಿತ್ತು. 1930ರಲ್ಲಿ ತುರ್ಕಿ ಸರ್ಕಾರ ಹೊರದೇಶದವರೂ ಇಸ್ತಾಂಬುಲ್ ಎಂದೇ ಬರೆಯಬೇಕೆಂದು ಪಟ್ಟು ಹಿಡಿದಿತ್ತು. ಆ ಹೊಸ ಹೆಸರನ್ನೇ ಮೋಜಿನ ವಸ್ತು ಮಾಡಿಕೊಂಡ ಹಾಡು ಅದು. ಮುಂದೆ 1990ರಲ್ಲಿ 'ದೇ ಮೈಟ್ ಬಿ ಜೈಂಟ್ಸ್' ತಂಡ ಅದನ್ನು ಮತ್ತೆ ಹಾಡಿತು. ಇವತ್ತಿನ ಹುಡುಗರ ಕಿವಿಗೆ ಬಿದ್ದಿರುವುದು ಹೆಚ್ಚಾಗಿ ಅದೇ. ಕೈಲಾಸಂ ತೀರಿಕೊಂಡದ್ದು 1946ರಲ್ಲಿ. ಏಳು ವರ್ಷ ಆಮೇಲೆ ಹುಟ್ಟಿದ ಹಾಡಿನ ಮಟ್ಟನ್ನು ಅವರು ಎತ್ತಿಕೊಳ್ಳುವುದು ಸಾಧ್ಯವೇ ಇಲ್ಲ.

ಆದರೂ ಹುಡುಗರ ಕಿವಿ ಪೂರ್ತಿ ತಪ್ಪಿಲ್ಲ. ಆ 1953ರ ಹಾಡಿಗೆ ಒಬ್ಬ ಅಣ್ಣನಿದ್ದಾನೆ. 1928ರಲ್ಲಿ ಹ್ಯಾರಿ ಕಾರ್ಲ್‌ಟನ್ ಎಂಬ ಇಂಗ್ಲಿಷ್ ಹಾಡುಗಬ್ಬಿಗ ಕಾನ್‌ಸ್ಟಾಂಟಿನೋಪಲ್ ಎಂಬ ಹೆಸರನ್ನು ಒಂದೊಂದೇ ಅಕ್ಷರವಾಗಿ ಬಿಡಿಸಿ ಹೇಳುವ ಹಾಡೊಂದನ್ನು ಕಟ್ಟಿದ. ಪಾಲ್ ವೈಟ್‌ಮನ್ ವಾದ್ಯವೃಂದ ಅದೇ ವರ್ಷ ಅದರ ಪ್ಲೇಟು ತಂದಿತು. ಸ್ಕೂಲು ಮಕ್ಕಳು ಸ್ಪೆಲ್ಲಿಂಗ್ ಒಪ್ಪಿಸುವ ಹಾಗೆ ಹದಿನಾಲ್ಕು ಅಕ್ಷರಗಳನ್ನು ತಾಳಕ್ಕೆ ಕೂರಿಸಿ ಒದರುವುದೇ ಅದರ ಮಜಾ. 1953ರ ಹಾಡು ಹುಟ್ಟಿದ್ದು ಈ ಅಣ್ಣನಿಗೆ ಮಾರುತ್ತರವಾಗಿ ಎಂದು ಹೇಳುವುದುಂಟು. ನಮ್ಮ ರಂಗನ ನೆಂಟಸ್ತಿಕೆ ಇರುವುದು ಈ 1928ರ ಹಾಡಿನ ಜೊತೆ. ಎರಡನ್ನೂ ಒಂದರ ಹಿಂದೆ ಒಂದು ಕೇಳಿದವರಿಗೆ ಬಿಡಿಸಿ ಹೇಳಬೇಕಾದ್ದಿಲ್ಲ. ಮಟ್ಟು ಕಾಣುತ್ತದೆ, ಅಕ್ಷರ ಒಡೆದು ಹಾಡುವ ವರಸೆ ಕಾಣುತ್ತದೆ.

ಇಲ್ಲಿಗೆ ಲಂಡನ್ನಿನ ಸವಾಲಿನ ಕಥೆಯೂ ಸಡಿಲವಾಗುತ್ತದೆ. ಕೈಲಾಸಂ ಭೂಗರ್ಭಶಾಸ್ತ್ರ ಓದಲು ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಲಂಡನ್ನಿಗೆ ಹೋದದ್ದು, ಅಲ್ಲಿಯ ರಂಗಭೂಮಿಯನ್ನು ಕಣ್ತುಂಬ ನೋಡಿದ್ದು, ಹಾಡು ನಟನೆ ಎಲ್ಲವನ್ನೂ ಮೈಗೂಡಿಸಿಕೊಂಡದ್ದು ನಿಜ. ಆದರೆ ಅವರು ಊರಿಗೆ ಮರಳಿದ್ದು 1910ರ ದಶಕದ ನಡುವಿನಲ್ಲಿ. 1928ರ ಹಾಡಿಗೆ ಅವರಿಗೆ 1912ರಲ್ಲಿ ಯಾವ ದೊರೆ ಸವಾಲು ಹಾಕಲು ಸಾಧ್ಯ? 1928ರ ಹೊತ್ತಿಗೆ ಅವರು ಬೆಂಗಳೂರಿನಲ್ಲಿದ್ದರು, ಕನ್ನಡದಲ್ಲಿ ನಾಟಕ ಕಟ್ಟುತ್ತಿದ್ದರು, 'ಟೊಳ್ಳು ಗಟ್ಟಿ'ಯ ಕೈಲಾಸಂ ಎಂದು ಹೆಸರಾಗಿದ್ದರು. ಆ ಮಟ್ಟು ಅವರನ್ನು ಹುಡುಕಿಕೊಂಡು ಬಂದದ್ದು ಗ್ರಾಮಫೋನಿನ ಕಾಲದಲ್ಲಿ. ಒಂದು ಮಗ್ಗುಲಿಗೆ ಮೂರು ನಿಮಿಷ ಓಡುವ, ನಿಮಿಷಕ್ಕೆ 78 ಸುತ್ತು ತಿರುಗುವ ಕರಿಯ ಪ್ಲೇಟುಗಳು ಆಗ ಕಡಲು ದಾಟಿ ಬರುತ್ತಿದ್ದವು. ಬೆಂಗಳೂರಿನ ದಂಡು ಪ್ರದೇಶದಲ್ಲಿ, ಮೈಸೂರಿನ ಅರಮನೆ ಬ್ಯಾಂಡಿನ ಸುತ್ತಮುತ್ತ ಇಂಗ್ಲಿಷ್ ಮಟ್ಟುಗಳು ಅಪರೂಪದ ಸರಕೇನೂ ಆಗಿರಲಿಲ್ಲ. ರಂಗ ಈ ನೆಲದಲ್ಲಿ ಹುಟ್ಟಿದವನು. ನನಗೆ ಈ ಕಥೆಯೇ ಲಂಡನ್ನಿನ ಕಥೆಗಿಂತ ಹೆಚ್ಚು ಇಷ್ಟ. ಪರದೇಶದಲ್ಲಿ ಯಾರದೋ ಮುಂದೆ ನಮ್ಮ ಭಾಷೆಯ ಮಾನ ಉಳಿಸಲು ಕಟ್ಟಿದ ಹಾಡು ಎಂದರೆ ಕೇಳಲು ರೋಮಾಂಚನವಾಗುತ್ತದೆ, ಸರಿ. ಆದರೆ ಮನೆಯಲ್ಲಿ ಕೂತು, ಯಾರ ಹಂಗೂ ಇಲ್ಲದೆ, ಗೆಳೆಯರನ್ನು ನಗಿಸಲೆಂದು ಕಟ್ಟಿದ ಹಾಡಿಗೆ ಇರುವ ನಿಶ್ಚಿಂತೆ ಸವಾಲಿನ ಹಾಡಿಗೆ ಬರುವುದಿಲ್ಲ. ರಂಗನ ಹಾಡಿನಲ್ಲಿ ಆ ನಿಶ್ಚಿಂತೆ ತುಂಬಿಕೊಂಡಿದೆ.

ಲಂಡನ್ನಿನ ನಂಟಿರುವುದು ಕೈಲಾಸಂ ಅವರ ಇನ್ನೊಂದು ಹಾಡಿಗೆ. ಜ್ಯಾಕ್ ಜಡ್ಜ್ ಎಂಬುವನು 1912ರ ಜನವರಿ ಕೊನೆಯಲ್ಲಿ ಇಂಗ್ಲೆಂಡಿನ ಸ್ಟೇಲಿಬ್ರಿಜ್ ಎಂಬ ಊರಿನಲ್ಲಿ ಐದು ಶಿಲ್ಲಿಂಗಿನ ಪಂತಕ್ಕೆ ರಾತ್ರೋರಾತ್ರಿ ಒಂದು ಹಾಡು ಕಟ್ಟಿದನೆಂದು ಪ್ರತೀತಿ. ಐರ್ಲೆಂಡಿನ ಟಿಪ್ಪರರಿ ಎಷ್ಟು ದೂರ ಎಂದು ಹಲುಬುವ ಆ ಹಾಡನ್ನು 1914ರಲ್ಲಿ ಮೊದಲ ಮಹಾಯುದ್ಧಕ್ಕೆ ಹೊರಟ ಸಿಪಾಯಿಗಳು ಬಾಯಿಂದ ಬಾಯಿಗೆ ಹಬ್ಬಿಸಿದರು. ಕೈಲಾಸಂ ಆ ಕಾಲಕ್ಕೆ ಲಂಡನ್ನಿನಲ್ಲಿದ್ದವರು. ಅವರು ಅದನ್ನು ಕನ್ನಡಕ್ಕೆ ತರುವಾಗ ಟಿಪ್ಪರರಿಯನ್ನು ತಿಪ್ಪಾರಳ್ಳಿ ಮಾಡಿಬಿಟ್ಟರು. ಒಂದೇ ಏಟಿಗೆ ಐರ್ಲೆಂಡಿನ ಊರು ನಮ್ಮ ಹೋಬಳಿಗೆ ಸೇರಿತು. ಪಂತ, ಸವಾಲು, ಲಂಡನ್ನು ಇವೆಲ್ಲ ಆ ಹಾಡಿನ ಸುತ್ತ ಇದ್ದ ಮಾತುಗಳು. ಕಾಲ ಕಳೆದಂತೆ ಜನರ ನೆನಪಿನಲ್ಲಿ ಅವು ರಂಗನ ಹೆಗಲಿಗೆ ಬಂದಿರಬೇಕೆಂದು ನನ್ನ ಊಹೆ. ಎರಡು ಹಾಡನ್ನೂ ಒಬ್ಬರೇ ಕಟ್ಟಿದ್ದು, ಎರಡನ್ನೂ ಒಂದೇ ಉಸಿರಿನಲ್ಲಿ ಹಾಡುವುದು. ಕಥೆಗಳು ಬೆರೆಯಲು ಅಷ್ಟು ಸಾಕು.

ಈಗ ಕಾಪಿ ಎನ್ನುವವರ ಮಾತಿಗೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ನಡೆಯಬೇಕು, ಏಕೆಂದರೆ ರಂಗನ ನಿಜವಾದ ಹೆಚ್ಚುಗಾರಿಕೆ ಇರುವುದೇ ಇಲ್ಲಿ.

ಇಂಗ್ಲಿಷಿನಲ್ಲಿ ಒಂದು ಹೆಸರನ್ನು ಅಕ್ಷರ ಒಡೆದು ಹಾಡುವುದು ಕಷ್ಟವಲ್ಲ. ಸಿ, ಓ, ಎನ್, ಎಸ್, ಟಿ ಎಂದು ಹೋದರೆ ಒಂದೊಂದು ಅಕ್ಷರಕ್ಕೂ ಒಂದೊಂದೇ ಉಲಿ. ತಾಳದ ಒಂದು ಪೆಟ್ಟಿಗೆ ಒಂದು ಅಕ್ಷರ ಇಟ್ಟುಕೊಂಡು ಹೋದರಾಯಿತು. ಕನ್ನಡದಲ್ಲಿ ಹಾಗೆ ನಡೆಯದು. ನಮ್ಮಲ್ಲಿ ಅಕ್ಷರವೇ ಒಂದು ಉಲಿ. 'ಕೋ' ಎಂದರೆ ಮುಗಿಯಿತು, ಅದರ ಒಳಗೆ ಬಿಡಿಸಲು ಏನಿದೆ ಎಂದು ಯಾರಾದರೂ ಕೇಳಬಹುದು. ಬಿಡಿಸಲು ಹೊರಟರೆ ಕಾಗುಣಿತದ ದಾರಿಯೊಂದೇ ಗತಿ. ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ, ಕ ಗುಡಿಸಿನ ದೀರ್ಘ ಕೀ, ಕ ಕೊಂಬು ಕು ಎಂದು ಕೂಲಿಮಠದ ಐಗಳ ಮುಂದೆ ಮರಳಿನ ಮೇಲೆ ಬೆರಳಾಡಿಸುತ್ತಾ ನಮ್ಮ ಅಜ್ಜಂದಿರು ಒಪ್ಪಿಸಿದ ದಾರಿ. ಆ ಲೆಕ್ಕದಲ್ಲಿ ಕೋಳೀಕೆ ರಂಗನನ್ನು ಬಿಡಿಸಿದರೆ ಹೀಗಾಗುತ್ತದೆ: ಕ ಓತ್ವದ ದೀರ್ಘ ಕೋ, ಳ ಗುಡಿಸಿನ ದೀರ್ಘ ಳೀ, ಕ ಏತ್ವ ಕೆ, ರ ಸೊನ್ನೆ ರಂ, ಗ ತಲಕಟ್ಟು ಗ. ಇದನ್ನು ಹಾಗೇ ಇಂಗ್ಲಿಷ್ ಮಟ್ಟಿಗೆ ಹಾಕಿ ನೋಡಿ. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ತಾಳ ಮುಗ್ಗರಿಸುತ್ತದೆ. ಓತ್ವದ ದೀರ್ಘ ಎನ್ನುವಷ್ಟರಲ್ಲಿ ಅತ್ತ ಇಂಗ್ಲಿಷಿನವನು ಅರ್ಧ ಊರು ದಾಟಿರುತ್ತಾನೆ.

ಕೈಲಾಸಂ ಮಾಡಿದ್ದೇನೆಂದರೆ ಹೆಸರನ್ನು ಎರಡು ಬಗೆಯಲ್ಲಿ ಒಡೆದದ್ದು. ಒಮ್ಮೆ ಒಂದೊಂದು ಅಕ್ಷರಕ್ಕೂ ಒಂದು ಪುಟ್ಟ ಬಾಲ ಕಟ್ಟಿ ಕುಣಿಸುತ್ತಾರೆ. ಇನ್ನೊಮ್ಮೆ ಮಠದ ಕಾಗುಣಿತದ ಮಾತುಗಳನ್ನೇ ಚಿವುಟಿ ಮೊಟಕು ಮಾಡಿ, ಉಸಿರು ಬಿಡದ ಓಟದಲ್ಲಿ ಓಡಿಸುತ್ತಾರೆ. ಸೊನ್ನೆಗೆ ತನ್ನದೇ ಒಂದು ಪೆಟ್ಟು ಸಿಗುತ್ತದೆ. ಕಾಗದದ ಮೇಲೆ 'ರಂ' ಎನ್ನುವುದು ಒಂದೇ ಅಕ್ಷರ, ಹಾಡಿನಲ್ಲಿ ಮಾತ್ರ ಸೊನ್ನೆ ಬಿಡಿಯಾಗಿ ಎದ್ದು ನಿಲ್ಲುತ್ತದೆ. ಹಾಡು ಕೇಳಿದ ಮಕ್ಕಳು ಮೊದಲು ನಗುವುದು ಆ ಸೊನ್ನೆಯ ಜಾಗದಲ್ಲೇ.

ಹೆಸರಿನ ಆಯ್ಕೆಯನ್ನೂ ನೋಡಿ. ಅದರಲ್ಲಿ ಒಂದೂ ಒತ್ತಕ್ಷರವಿಲ್ಲ. ಕೃಷ್ಣ ಎಂದಿದ್ದರೆ ವಟ್ರಸುಳಿ, ಷಕ್ಕೆ ಣ ಒತ್ತು ಎಂದು ಹಾಡು ಕೆಸರಿಗೆ ಬೀಳುತ್ತಿತ್ತು. ಎಲ್ಲ ಬಿಚ್ಚು ಅಕ್ಷರಗಳು. ಆದರೆ ನಾಲಿಗೆಗೆ ಸುಲಭವೇ? ಅದೂ ಅಲ್ಲ. 'ಕೋ' ಗಂಟಲ ಬುಡದಲ್ಲಿ ಹುಟ್ಟುತ್ತದೆ, 'ಳೀ'ಗೆ ನಾಲಿಗೆಯ ತುದಿ ಹಿಂದಕ್ಕೆ ಮಡಿಚಿಕೊಳ್ಳಬೇಕು, 'ಕೆ'ಗೆ ಮತ್ತೆ ಗಂಟಲಿಗೆ ಇಳಿಯಬೇಕು, 'ರಂ'ಗೆ ಮುಂದೆ ಬರಬೇಕು, 'ಗ'ಕ್ಕೆ ಪುನಃ ಹಿಂದೆ. ನಿಧಾನವಾಗಿ ಹೇಳಿದರೆ ಏನೂ ಇಲ್ಲ. ವೇಗ ಹೆಚ್ಚಿಸಿದಿರೋ, ಳ ಹೋಗಿ ಲ ಬರುತ್ತದೆ, ಲ ಬಂದ ಕೂಡಲೇ ಎದುರಿಗೆ ಕೂತವರು ಹೋ ಎನ್ನುತ್ತಾರೆ. ಹಾಡು ಬಾರದವನನ್ನು ಬೆಪ್ಪ ಎನ್ನುವ ಧೈರ್ಯ ರಂಗನಿಗೆ ಬಂದದ್ದು ಈ ಳಕಾರದ ಬಲದಿಂದ. ಇದನ್ನು ಕಾಪಿ ಎನ್ನುವವರು ಮಟ್ಟನ್ನು ಮಾತ್ರ ಕೇಳಿದ್ದಾರೆ. ಮಟ್ಟು ಕಾರ್ಲ್‌ಟನ್‌ನದು ಇರಬಹುದು, ಅದರ ಮೇಲೆ ಕೂತಿರುವ ಕೆಲಸ ಕನ್ನಡದ ಲಿಪಿಯನ್ನು, ಕನ್ನಡದ ಬಾಯನ್ನು ಒಳಗಿನಿಂದ ಬಲ್ಲವನೊಬ್ಬನದು. ಆ ಬಲ್ಲವನ ಮನೆಮಾತು ತಮಿಳಾಗಿತ್ತು ಎನ್ನುವುದನ್ನು ಇಲ್ಲಿ ಗೌರವದಿಂದ ನೆನೆಯಬೇಕು. ಜಸ್ಟಿಸ್ ಪರಮಶಿವ ಅಯ್ಯರ್ ಅವರ ಮಗ, ಇಂಗ್ಲಿಷಿನಲ್ಲಿ ಷೇಕ್ಸ್‌ಪಿಯರನ ಧಾಟಿಯಲ್ಲಿ ನಾಟಕ ಬರೆಯಬಲ್ಲವರು, ಕೂಲಿಮಠದ ಓತ್ವ ಏತ್ವಗಳಿಗೆ ಹೀಗೆ ಕಿವಿಗೊಟ್ಟಿದ್ದರು.

ಕಾಗುಣಿತ ಈ ಮಟ್ಟಿಗೆ ಹೇಗೆ ಕೂರುತ್ತದೆ ಎನ್ನುವುದನ್ನು ನಾನೇ ಪರೀಕ್ಷಿಸಿ ನೋಡಿದ್ದುಂಟು. ನಂಜನಗೂಡು ತಾಲೂಕಿನ ಒಂದು ಸರ್ಕಾರಿ ಶಾಲೆಗೆ ಪುಸ್ತಕ ಹಂಚಲು ಹೋಗಿದ್ದೆ. ಮೂರನೇ ಕ್ಲಾಸಿನ ಮಕ್ಕಳು. ಮೇಡಂ ಒಬ್ಬರು, 'ಸರ್, ಇವಕ್ಕೆ ದೀರ್ಘ ಬರೋದೇ ಇಲ್ಲ, ಗುಡಿಸು ಕೊಟ್ಟರೆ ದೀರ್ಘ ಮರೀತಾವೆ' ಅಂದರು. ಸರಿ, ಊರ ಹೆಸರನ್ನೇ ಹಾಡೋಣ ಬನ್ನಿ ಎಂದು ರಂಗನ ಮಟ್ಟನ್ನು ಎತ್ತಿದೆ. ನ ಸೊನ್ನೆ ನಂ, ಜ, ನ, ಗ ಕೊಂಬಿನ ದೀರ್ಘ ಗೂ, ಡ ಕೊಂಬು ಡು. ಮೊದಲು ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮೇಜು ಬಡಿದು ತಾಳ ಹಿಡಿದಳು. ಎರಡು ಸುತ್ತು ಕಳೆಯುವಷ್ಟರಲ್ಲಿ ಇಡೀ ಕ್ಲಾಸು ಸೊನ್ನೆಯ ಜಾಗಕ್ಕೆ ಕಾಯುತ್ತಾ ಕೂತಿತ್ತು, ಸೊನ್ನೆ ಬಂದ ಕೂಡಲೇ ಎಲ್ಲರೂ ಒಟ್ಟಿಗೆ ಕೂಗುವುದು. ಒಬ್ಬ ಹುಡುಗ ಎದ್ದು ನಿಂತು, 'ನಮ್ಮಜ್ಜಿ ಊರು ನರಸೀಪುರ, ಅದ್ನೂ ಆಡಿ' ಅಂದ. ನ, ರ, ಸ ಗುಡಿಸಿನ ದೀರ್ಘ ಸೀ, ಪ ಕೊಂಬು ಪು, ರ. ಅದು ಇನ್ನೂ ಚೆನ್ನಾಗಿ ಕೂತಿತು. ಸುಮ್ಮನಿರಲಾರದೆ ತಿರುಮಕೂಡಲನ್ನೂ ಮುಂದಕ್ಕೆ ಸೇರಿಸಿದೆವು. ತ ಗುಡಿಸು, ರ ಕೊಂಬು, ಮ, ಕ ಕೊಂಬಿನ ದೀರ್ಘ ಎನ್ನುವಾಗ ಎಲ್ಲರಿಗೂ ಉಸಿರು ಕಟ್ಟಿತು. ಅಷ್ಟು ಉದ್ದದ ಊರಿಗೆ ಬಸ್ಸಿನ ಬೋರ್ಡಿನಲ್ಲಿ ಯಾಕೆ ಬರೀ ಟಿ ಎಂದು ಬರೆದಿರುತ್ತಾರೆ ಎನ್ನುವುದು ಆ ಮಕ್ಕಳಿಗೆ ಅವತ್ತು ತಾನೇ ಹೊಳೆಯಿತು. ಬರುವಾಗ ಮೇಡಂ ಬೋರ್ಡಿನ ಮೇಲೆ ಗೂ ಮತ್ತು ಸೀ ಬರೆದು ದೀರ್ಘದ ಗುರುತನ್ನು ಕೆಂಪು ಸೀಮೆಸುಣ್ಣದಿಂದ ತಿದ್ದುತ್ತಿದ್ದರು.

ಆ ತರಗತಿಯಲ್ಲಿ ನಡೆದದ್ದೇ ಈ ಹಾಡು ಊರೂರಿಗೆ ಹೇಗೆ ಹಬ್ಬಿತು ಎನ್ನುವುದಕ್ಕೂ ಉತ್ತರ ಎಂದು ನನಗೆ ಅನ್ನಿಸುತ್ತದೆ. ನಮ್ಮ ಹಳ್ಳಿಗಳಲ್ಲಿ ಕಾಗುಣಿತ ಮೊದಲಿನಿಂದಲೂ ಹಾಡೇ. ಐಗಳು ಒಂದು ಸಾಲು ಎತ್ತಿಕೊಟ್ಟರೆ ಮಕ್ಕಳು ಮೈ ತೂಗುತ್ತಾ ಒಟ್ಟಾಗಿ ಒಪ್ಪಿಸುತ್ತಿದ್ದರು, ಕೇರಿಗೆಲ್ಲ ಕೇಳುತ್ತಿತ್ತು. ಓದು ಬಾರದ ಅಜ್ಜಿಗೂ ಅದರ ಧಾಟಿ ಗೊತ್ತು. ಕೈಲಾಸಂ ಆ ಧಾಟಿಗೆ ಹೊಸ ಮಟ್ಟು ಸೇರಿಸಿದರು, ಅಷ್ಟೇ. ಅದನ್ನು ಯಾರೂ ಹೊಸದಾಗಿ ಕಲಿಯಬೇಕಾಗಿರಲಿಲ್ಲ. ಈ ಹಾಡು ಬದುಕಿದ್ದು ಬಾಯಲ್ಲಿ. ಸ್ಕೌಟ್ ಕ್ಯಾಂಪಿನ ಬೆಂಕಿಯ ಸುತ್ತ, ಹಾಸ್ಟೆಲಿನ ವಾರ್ಷಿಕೋತ್ಸವದಲ್ಲಿ, ಮದುವೆ ಮನೆಯಲ್ಲಿ ಬೀಗರ ಊಟವಾದ ಮೇಲೆ, ಇಂಥ ಕಡೆ ಒಬ್ಬರು ಎದ್ದು ಹಾಡುತ್ತಿದ್ದರು.

ನಮ್ಮ ಕಡೆ ಇದಕ್ಕೆ ಇನ್ನೊಂದು ದಾರಿಯೂ ಇತ್ತು. ಕಬಿನಿ ನಂಜನಗೂಡನ್ನು ಬಳಸಿಕೊಂಡು ಹರಿದು ನರಸೀಪುರದ ಬಳಿ ಕಾವೇರಿಗೆ ಸೇರುವವರೆಗೆ, ಹೊಳೆಯ ಎರಡೂ ದಡದ ಊರುಗಳಲ್ಲಿ ಕೊಯ್ಲು ಮುಗಿದ ಮೇಲೆ ಪೌರಾಣಿಕ ನಾಟಕ ಕಟ್ಟುವುದು ವಾಡಿಕೆ. ಈಗಲೂ ಇದೆ. ಊರಿನವರೇ ಪಾತ್ರಧಾರಿಗಳು, ಸೀನು ಸೀನರಿ ಬಾಡಿಗೆಗೆ, ಕಲಿಸಲು ಹಾರ್ಮೋನಿಯಂ ಮೇಷ್ಟ್ರು. ನಾನು ಚಿಕ್ಕವನಿದ್ದಾಗ ನೋಡಿದ ಒಂದು ಕುರುಕ್ಷೇತ್ರದಲ್ಲಿ ದುರ್ಯೋಧನನ ಕಿರೀಟ ಕಟ್ಟುವುದು ತಡವಾಯಿತು. ಪರದೆ ಬಿದ್ದೇ ಇತ್ತು, ಜನ ಎದ್ದು ಹೋಗುವ ಸೂಚನೆ ಕಂಡಿತು. ಮೇಷ್ಟ್ರು ಕೂತಲ್ಲೇ ರಂಗನ ಮಟ್ಟನ್ನು ಹಾರ್ಮೋನಿಯಂನಲ್ಲಿ ಹಿಡಿದರು. ಹಾಸ್ಯದ ಪಾತ್ರಧಾರಿ ಪರದೆಯ ಸಂದಿನಿಂದ ಹೊರಗೆ ಬಂದು ಹಾಡತೊಡಗಿದ. ಹೋಗುತ್ತಿದ್ದವರು ಚಾಪೆಗೆ ಮರಳಿದರು. ಮುಂದಿನ ಸಾಲಿನವರು ಕಾಗುಣಿತ ಒಪ್ಪಿಸುತ್ತಿದ್ದರು. ಅವರಲ್ಲಿ ಅರ್ಧ ಜನರಿಗೆ ಕೈಲಾಸಂ ಎಂಬ ಹೆಸರೇ ಗೊತ್ತಿರಲಿಲ್ಲ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ಕಾನ್‌ಸ್ಟಾಂಟಿನೋಪಲ್ ಎಂಬ ಪಟ್ಟಣದ ಹೆಸರಂತೂ ದೂರದ ಮಾತು. ಬರೆದವನ ಹೆಸರು ಬಿದ್ದುಹೋಗಿ ಹಾಡು ಮಾತ್ರ ನಿಲ್ಲುವುದು ಜನಪದ ಗೀತೆಗೆ ಸಿಗುವ ಭಾಗ್ಯ. ಬರೆದು ಇಪ್ಪತ್ತು ಮೂವತ್ತು ವರ್ಷಗಳಲ್ಲೇ ಅದು ಈ ಹಾಡಿಗೆ ಸಿಕ್ಕಿತು.

ಈ ಹಾಡಿನ ಬಗ್ಗೆ ಇನ್ನೊಂದು ಆಕ್ಷೇಪ ಇತ್ತೀಚೆಗೆ ಕೇಳಿಬರುತ್ತಿದೆ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಪಟ್ಟಣದ ಓದಿದವರು ಹಳ್ಳಿಯವನ ಮಾತನ್ನು ಅಣಕಿಸಿ ನಕ್ಕ ಹಾಡಲ್ಲವೇ ಇದು ಎಂದು ನರಸೀಪುರದ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ನನ್ನನ್ನು ನೇರವಾಗಿಯೇ ಕೇಳಿದಳು. ಹಕಾರ ಬಿಟ್ಟು ಆಡುವ ಮಾತು, ಹುಟ್ಟಿದ ಹಳ್ಳಿ, ಬೆಳೆದ ಹಳ್ಳಿ, ಮದುವೆಯಾದ ಹಳ್ಳಿ ಎಂದು ಹಳ್ಳಿಗಳ ಪಟ್ಟಿ ಕೊಡುವ ಮುಗ್ಧತೆ, ಇವು ಪೇಟೆಯ ಸಭಾಂಗಣದಲ್ಲಿ ನಗೆ ಹುಟ್ಟಿಸುವ ಸರಕು ಆಗಿದ್ದವು ಎನ್ನುವುದು ನಿಜ. ಆ ಮಗು ಆಡುವುದೂ ಅದೇ ಮಾತು, ನಾನು ಮನೆಯಲ್ಲಿ ಆಡುವುದೂ ಅದೇ. ಹಾಗಾಗಿ ನನಗೆ ಅವಳ ನೋವು ಅರ್ಥವಾಗುತ್ತದೆ.

ಆದರೂ ನನ್ನ ಅಭಿಪ್ರಾಯ ಬೇರೆ. ಅಣಕದ ಹಾಡಿನಲ್ಲಿ ಹಳ್ಳಿಯವನು ಪೆಚ್ಚಾಗಬೇಕು. ರಂಗ ಎಲ್ಲಿ ಪೆಚ್ಚಾಗಿದ್ದಾನೆ? ಅವನಿಗೆ ಕಾಗುಣಿತ ಬರುತ್ತದೆ, ಪೇಟೆಯವನಿಗೆ ನಾಲಿಗೆ ತಿರುಗುವುದಿಲ್ಲ. ತನ್ನ ಹೆಸರನ್ನು ಅಕ್ಷರ ಅಕ್ಷರವಾಗಿ ಹೇಳಿ, ಎದೆಯುಬ್ಬಿಸಿ, ಬಾರದವನನ್ನು ಕೆಣಕುವವನು ರಂಗನೇ. ಹೆಬ್ಬೆಟ್ಟು ಒತ್ತುವವರೇ ಹೆಚ್ಚಾಗಿದ್ದ ಕಾಲದಲ್ಲಿ ಒಬ್ಬ ಹಳ್ಳಿಗ ತನ್ನ ಹೆಸರಿನ ಕಾಗುಣಿತವನ್ನು ತಾನೇ ಹಾಡುವುದು ಸಣ್ಣ ಮಾತಲ್ಲ. ಅದೇ ಕೈಲಾಸಂ ನಾಟಕಗಳಲ್ಲಿ ಪೆಚ್ಚಾಗುವವರು ಯಾರು ನೋಡಿ. ಇಂಗ್ಲಿಷ್ ಬೆರೆಸಿ ಮಾತಾಡುವ ವಕೀಲರು, ಸಾಹೇಬರು, ಡಿಗ್ರಿಯ ಜಂಬದವರು. ಹಳ್ಳಿಯ ಮಾತಿಗೆ ಪೂರ್ತಿ ಘನತೆ ಬರಲು ಇನ್ನೂ ಕಾಲ ಬೇಕಾಯಿತು, ಅದನ್ನು ಒಪ್ಪುತ್ತೇನೆ. ನಂಜನಗೂಡು ತಾಲೂಕಿನ ದೇವನೂರಿನಿಂದ ಬಂದ ದೇವನೂರ ಮಹಾದೇವ ತಮ್ಮ ಕೇರಿಯ ಮಾತಿನಲ್ಲೇ 'ಕುಸುಮಬಾಲೆ' ಬರೆದು, ಅದಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ನಗುವವರ ಬಾಯಿ ಕಟ್ಟಿತು. ಆ ಮಾತನ್ನು ಒಳಗಿನವರೇ ಎತ್ತಿ ಹಿಡಿದದ್ದು ಅದು. ರಂಗನ ಹಾಡು ಆ ಕೆಲಸ ಮಾಡಲಿಲ್ಲ, ಮಾಡಲು ಹೊರಟಿರಲೂ ಇಲ್ಲ. ಆದರೆ ಸುಶಿಕ್ಷಿತರ ಸಭೆಯಲ್ಲಿ ಆ ಮಾತಿಗೆ ಚಪ್ಪಾಳೆ ಗಿಟ್ಟಿಸಿತು, ಆ ಮಾತಿನವನನ್ನು ಗೆಲ್ಲಿಸಿತು. ಅದಕ್ಕೇ ಕುರುಕ್ಷೇತ್ರ ನೋಡಲು ಬಂದ ನಮ್ಮೂರಿನ ಜನ ಅದನ್ನು ತಮ್ಮದೆಂದು ಹಾಡಿಕೊಂಡರು. ತಮ್ಮನ್ನು ಆಡಿಕೊಳ್ಳುವ ಹಾಡನ್ನು ಯಾರೂ ಮಕ್ಕಳಿಗೆ ಕಲಿಸುವುದಿಲ್ಲ.

ಸಾಹಿತ್ಯದ ಪುಸ್ತಕಗಳಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೆ ಬಂದದ್ದರ ಮಾತು ಬಂದರೆ ಮೊದಲು ನೆನೆಯುವುದು ಬಿ.ಎಂ. ಶ್ರೀಕಂಠಯ್ಯನವರ 'ಇಂಗ್ಲಿಷ್ ಗೀತಗಳು'. 1926ರ ಆ ಪುಸ್ತಕ ನಮ್ಮ ಕಾವ್ಯದ ದಿಕ್ಕನ್ನೇ ತಿರುಗಿಸಿತು, ಆ ಗೌರವ ಅದಕ್ಕೆ ಸಲ್ಲಬೇಕಾದ್ದೇ. ಬಿ.ಎಂ.ಶ್ರೀ ಇಂಗ್ಲಿಷಿನ ಒಳ್ಳೆಯ ಕವಿಗಳನ್ನು ಆರಿಸಿ ತಂದರು. ಅದೇ ಸುಮಾರಿನಲ್ಲಿ ಕೈಲಾಸಂ ಅಲ್ಲಿಯ ಬೀದಿಯ ಹಾಡು, ಸಿಪಾಯಿ ಹಾಡು, ಪ್ಲೇಟಿನ ಹಾಡುಗಳನ್ನು ಎತ್ತಿಕೊಂಡರು. ಒಂದು ಪಠ್ಯಪುಸ್ತಕಕ್ಕೆ ಹೋಯಿತು, ಇನ್ನೊಂದು ಜಾತ್ರೆ ಮಾಳಕ್ಕೆ ಬಂತು. ಮೊದಲನೆಯದರ ಮೇಲೆ ಸಂಶೋಧನೆಗಳು ಬಂದಿವೆ. ಎರಡನೆಯದನ್ನು ತಮಾಷೆ ಎಂದು ಬದಿಗಿಟ್ಟಿದ್ದೇವೆ. ಇದು ಸರಿಯಲ್ಲ ಎನ್ನುವುದು ನನ್ನ ದೃಢವಾದ ಮಾತು. 1945ರಲ್ಲಿ ಮದರಾಸಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಕೈಲಾಸಂ ಅವರನ್ನು ಅಧ್ಯಕ್ಷರನ್ನಾಗಿ ಮಾಡಿದ ಹಿರಿಯರಿಗೆ ಆ ತಮಾಷೆಯ ಬೆಲೆ ಗೊತ್ತಿತ್ತು.

ಆ ಬೆಲೆಯನ್ನು ಈಗ ಉಳಿಸಿಕೊಳ್ಳುವುದು ಹೇಗೆ? ಇಲ್ಲೊಂದು ತೊಡಕಿದೆ. ಕೈಲಾಸಂ ಕೂತು ಬರೆಯುವ ಜಾಯಮಾನದವರಲ್ಲ. ಸಿಗರೇಟು ಸೇದುತ್ತಾ, ನಡೆದಾಡುತ್ತಾ ಇಡೀ ನಾಟಕಗಳನ್ನು ಬಾಯಲ್ಲೇ ಹೇಳುತ್ತಿದ್ದರು, ಗೆಳೆಯರು ಬರೆದುಕೊಳ್ಳುತ್ತಿದ್ದರು. ಬಿ.ಎಸ್. ರಾಮರಾಯರಂಥವರು ಹಾಗೆ ಬರೆದಿಟ್ಟುಕೊಳ್ಳದಿದ್ದರೆ ಎಷ್ಟೋ ಉಳಿಯುತ್ತಲೇ ಇರಲಿಲ್ಲ. ಹಾಡಿನ ಗತಿಯೂ ಅದೇ. ಬಾಯಿಂದ ಬಾಯಿಗೆ ಹೋದದ್ದರಿಂದ ಒಂದೊಂದು ಊರಿನಲ್ಲಿ ಒಂದೊಂದು ಪಾಠ. ನಾನು ನಂಜನಗೂಡಿನ ಹಿರಿಯರ ಬಾಯಲ್ಲಿ ಕೇಳಿದ ಹಳ್ಳಿಗಳ ಪಟ್ಟಿಗೂ ನರಸೀಪುರದ ಕಡೆ ಕೇಳಿದ ಪಟ್ಟಿಗೂ ತಾಳೆಯಾಗುವುದಿಲ್ಲ. ಹಾಡುವವರು ತಮ್ಮ ಹೊಳೆ ಸಾಲಿನ ಊರುಗಳನ್ನು ಸದ್ದಿಲ್ಲದೆ ಸೇರಿಸಿಬಿಟ್ಟಿದ್ದಾರೆ. ಯಾವುದು ಶುದ್ಧ, ಯಾವುದು ಅಶುದ್ಧ ಎಂಬ ಜಗಳಕ್ಕೆ ನಾನು ಹೋಗುವುದಿಲ್ಲ. ಅಚ್ಚಿನ ಪುಸ್ತಕದಲ್ಲಿ ಕೈಲಾಸಂ ಅವರ ಪಾಠ ಇದ್ದೇ ಇರುತ್ತದೆ. ಜನ ಸೇರಿಸಿದ ಊರುಗಳು ಮಾತ್ರ ಎಲ್ಲೂ ಅಚ್ಚಾಗಿಲ್ಲ, ಹಾಡುವವರ ಜೊತೆಗೇ ಹೋಗಿಬಿಡುತ್ತವೆ. ಈ ಹಾಡನ್ನು ಸ್ಕೌಟ್ ಕ್ಯಾಂಪಿನಲ್ಲೋ ಊರ ನಾಟಕದಲ್ಲೋ 1950, 60ರ ದಶಕದಲ್ಲಿ ಕಲಿತವರಿಗೆ ಈಗ ಎಪ್ಪತ್ತು, ಎಂಬತ್ತು ದಾಟಿದೆ.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯಲ್ಲಿ, ಕೇರಿಯಲ್ಲಿ ಕೋಳೀಕೆ ರಂಗನನ್ನು ಹಾಡಬಲ್ಲ ಹಿರಿಯರಿದ್ದರೆ ಈ ಭಾನುವಾರವೇ ಕೂರಿಸಿ ಹಾಡಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಅಲ್ಲಲ್ಲಿ ಮರೆತಿದ್ದರೂ ಪರವಾಗಿಲ್ಲ, ಮರೆತ ಕಡೆ ಅವರು ಏನು ತುಂಬಿಕೊಂಡು ಹಾಡುತ್ತಾರೆ ಎನ್ನುವುದೂ ಬೇಕು. ಹಾಡಿನ ಮುಂಚೆ ಅವರ ಊರು, ವಯಸ್ಸು, ಯಾರಿಂದ ಎಲ್ಲಿ ಕಲಿತರು ಎನ್ನುವುದನ್ನು ಅವರ ಬಾಯಲ್ಲೇ ಹೇಳಿಸಿ. ಶಾಲೆಯ ಮೇಷ್ಟ್ರುಗಳೇ, ಮೇಡಂಗಳೇ, ದೀರ್ಘ ಕಲಿಸುವ ಪಾಠ ಬಂದಾಗ ನಿಮ್ಮ ಊರಿನ ಹೆಸರನ್ನು ಈ ಮಟ್ಟಿನಲ್ಲಿ ಒಮ್ಮೆ ಹಾಡಿಸಿ ನೋಡಿ. ಸೊನ್ನೆ ಇರುವ ಊರಾದರೆ ಇನ್ನೂ ಒಳ್ಳೆಯದು.